ಮುರುಗೆಪ್ಪನವರು ಕೂತ ಪ್ರಸಂಗ

ಇಂಗ್ಲಿಷಿನ ‘ಸಿಟ್’ ಎಂಬ ಪುಟ್ಟ ಪದಕ್ಕೆ ಹದಿನೇಳು ಅರ್ಥಗಳಿವೆ ಎಂಬ ಸಂಗತಿ ಮರಾಠಿ ಸೀಮೆಯ ಹಡಪಸರದ ಒಂದು ಪಂಪ್ ಕಂಪನಿಯಲ್ಲಿ ಎಲ್ಲರಿಗಿಂತ ಮೊದಲು ತಿಳಿದದ್ದು ಡಿಸ್ಪ್ಯಾಚ್ ವಿಭಾಗದ ಗುಮಾಸ್ತ ಮುರುಗೆಪ್ಪ ಹಂಚಿನಾಳ ಅವರಿಗೆ. ತಿಳಿದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಸ್ವಭಾವ ಅವರದಲ್ಲ. ಹೀಗಾಗಿ 1997ರ ಜುಲೈ ತಿಂಗಳ ಒಂದೇ ವಾರದಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಕ್ಯಾಂಟೀನಿನಲ್ಲಿ ಪೋಹೆ ಮಾಡುವವನವರೆಗೆ ಎಲ್ಲರಿಗೂ ಅದು ಗೊತ್ತಾಯಿತು. ಹದಿನೇಳರಲ್ಲಿ ಹದಿನಾರು ಅರ್ಥಗಳು ಅವರಿಗೆ ಬಾಯಿಪಾಠವಾಗಿದ್ದವು. ಕೈಕೊಟ್ಟದ್ದು ಮೊದಲನೆಯದು, ಅಂದರೆ ಕುರ್ಚಿಯ ಮೇಲೆ ಕೂಡುವುದು.

ಎಲ್ಲಕ್ಕೂ ಮೂಲ ಒಂದು ಕುರ್ಚಿಯೇ. ಡಿಸ್ಪ್ಯಾಚ್ ವಿಭಾಗದ ಮುಖ್ಯಸ್ಥರಾಗಿದ್ದ ಹಿರಿಯರೊಬ್ಬರು ಜೂನ್ ಕೊನೆಗೆ ನಿವೃತ್ತರಾಗಿ, ತಮ್ಮ ಛತ್ರಿ ಮತ್ತು ಊಟದ ಡಬ್ಬಿ ತೆಗೆದುಕೊಂಡು ಹೋದರು. ಕುರ್ಚಿ ಉಳಿಯಿತು. ಸಾಗವಾನಿ ಕಟ್ಟಿಗೆಯ, ಬೆತ್ತ ಹೆಣೆದ, ಎರಡೂ ಕಡೆ ಕೈ ಇದ್ದ ಕುರ್ಚಿ. ಅದರ ಎಡಕ್ಕೆ ಒಂದು ಸ್ಟೂಲಿತ್ತು. ಆ ಸ್ಟೂಲಿನ ಮೇಲೆ ಮುರುಗೆಪ್ಪನವರು ಹತ್ತೊಂಬತ್ತು ವರ್ಷ ಕಳೆದಿದ್ದರು. ಸ್ಟೂಲಿನ ಒಂದು ಕಾಲು ಗಿಡ್ಡವಾಗಿದ್ದರಿಂದ ಕೆಳಗೆ ಮಡಚಿದ ರಟ್ಟು ಇಡಬೇಕಾಗುತ್ತಿತ್ತು. ರಟ್ಟು ಜಾರಿದಾಗಲೆಲ್ಲ ಅವರೂ ಜಾರುತ್ತಿದ್ದರು, ಜಾರಿದಾಗಲೆಲ್ಲ ಬಲಕ್ಕಿದ್ದ ಕುರ್ಚಿಯ ಕೈ ಹಿಡಿದು ಸಾವರಿಸಿಕೊಳ್ಳುತ್ತಿದ್ದರು. ಹೀಗೆ ಕುರ್ಚಿಯ ಎಡಗೈಯ ಪರಿಚಯ ಮೊದಲಿನಿಂದಲೂ ಇತ್ತು; ಉಳಿದ ಭಾಗದ ಪರಿಚಯಕ್ಕಾಗಿ ಅವರು ಕಾಯುತ್ತಿದ್ದರು.

ಜಾಗಕ್ಕೆ ಅರ್ಹರು ಇಬ್ಬರು. ಒಬ್ಬರು ಮುರುಗೆಪ್ಪನವರು, ಇನ್ನೊಬ್ಬ ಅವರದೇ ಕಾಲನಿಯಲ್ಲಿದ್ದ, ಅವರದೇ ಬೈಲಹೊಂಗಲದ ಕಡೆಯ ಅಂಬಣ್ಣ. ಇಬ್ಬರಲ್ಲಿ ಒಬ್ಬರಿಗೆ ಕುರ್ಚಿ, ಉಳಿದವರಿಗೆ ರಾಂಜಣಗಾಂವ. ಅಲ್ಲಿ ಕಂಪನಿ ಹೊಸ ಘಟಕ ತೆರೆದಿತ್ತು, ಬೆಳಿಗ್ಗೆಯಿಂದ ಸಂಜೆಯವರೆಗೆ ಲಾರಿಗಳ ನಡುವೆ ನಿಂತು ಪಂಪು ಏರಿಸುವುದನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ಕಂಪನಿಯ ಬಸ್ಸು ಹಡಪಸರ ಬಿಡುವುದು ನಸುಕಿನ ಐದೂವರೆಗೆ.

“ಅಲ್ಲಿ ಗಣಪತಿ ಗುಡಿ ಅದ ಅಲ್ರಿ. ದಿನಾ ದರ್ಶನ ಆಗ್ತದ” ಎಂದು ಮುರುಗೆಪ್ಪನವರ ಹೆಂಡತಿ ಚನ್ನಬಸವ್ವ ಸಮಾಧಾನ ಹೇಳಿದರು.

“ದರ್ಶನ ಆಗ್ತದ ಖರೆ. ಕುರ್ಚಿ ಎಲ್ಲದ ಅಲ್ಲಿ?” ಎಂದರು ಮುರುಗೆಪ್ಪನವರು.

ಸಂದರ್ಶನ ಮಾಡುವವರು ಹೊಸದಾಗಿ ಬಂದಿದ್ದ ಜನರಲ್ ಮ್ಯಾನೇಜರು. ಅವರ ಹೆಸರು ಉದ್ದವಾಗಿದ್ದುದರಿಂದ ಎಲ್ಲರೂ ದಿಲ್ಲಿ ಸಾಹೇಬರು ಎನ್ನುತ್ತಿದ್ದರು. ಅವರು ಮಾತಾಡುವುದೆಲ್ಲ ಇಂಗ್ಲಿಷಿನಲ್ಲಿ. ಮುರುಗೆಪ್ಪನವರಿಗೆ ಮನೆಯ ಕನ್ನಡ, ಬೀದಿಯ ಮರಾಠಿ, ಲಾರಿ ಚಾಲಕರ ಹಿಂದಿ ಮೂರೂ ಸರಾಗ. ಇಂಗ್ಲಿಷ್ ಮಾತ್ರ ಪತ್ರದಲ್ಲಿ ಬರುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅವರು ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಮಗಳು ತ್ರಿವೇಣಿಯ ಮೊರೆ ಹೊಕ್ಕರು.

“ಅಪ್ಪಾ, ಹದಿನೈದು ದಿನದಾಗ ಪೂರಾ ಭಾಷಾ ಬರೂದಿಲ್ಲ. ಒಂದ ಶಬ್ದ ತಗೊಂಡು ಛಂದಂಗ ಕಲೀರಿ. ಧೈರ್ಯ ಬರ್ತದ” ಎಂದು ತ್ರಿವೇಣಿ ನಿಘಂಟನ್ನು ಮುಂದಿಟ್ಟಳು.

ಯಾವ ಸಂದರ್ಶನವಾದರೂ ಶುರುವಾಗುವುದು ಯಾವ ಶಬ್ದದಿಂದಲೋ ಆ ಶಬ್ದವನ್ನೇ ಮುರುಗೆಪ್ಪನವರು ಆರಿಸಿಕೊಂಡರು. ನೂರು ಪುಟದ ವಹಿಯೊಂದರಲ್ಲಿ ಅರ್ಥಗಳನ್ನು ಅಂಕಿ ಹಾಕಿ ಬರೆದರು. ಪರೀಕ್ಷೆಗೆ ಕೂಡುವುದು, ಸಮಿತಿಯಲ್ಲಿ ಕೂಡುವುದು, ಕೋರ್ಟು ಕೂಡುವುದು, ಕೋಳಿ ಕಾವಿಗೆ ಕೂಡುವುದು, ಕೋಟು ಮೈಗೆ ಕೂಡುವುದು, ಸಾಹೇಬ ಫೈಲಿನ ಮೇಲೆ ಕೂಡುವುದು, ಚಿತ್ರ ಬರೆಯುವವನ ಮುಂದೆ ಕೂಡುವುದು. ಆರನೆಯದಕ್ಕೆ ಬರುವ ಹೊತ್ತಿಗೆ ಅವರಿಗೆ ಅನುಮಾನ ಬಂತು.

“ಇದೆಲ್ಲಾ ನಮ್ಮದ ಅದಲ್ಲ. ಪರೀಕ್ಷಾಕ್ಕ ನಾವೂ ಕೂಡ್ತೇವಿ, ಕೋಳಿನೂ ಕಾವಿಗೆ ಕೂಡ್ತದ, ಅಂಗಿನೂ ಮೈಗೆ ಕೂಡ್ತದ. ಇಂಗ್ಲಿಷರು ಇದನ್ನ ನಮ್ಮ ಧಾರವಾಡದ ಕಡಿಂದ ಒಯ್ದಾರ” ಎಂದು ಅವರು ತೀರ್ಪು ಕೊಟ್ಟರು. ತ್ರಿವೇಣಿ ತನ್ನ ಮುಂದಿನ ಪರೀಕ್ಷೆಯ ದೃಷ್ಟಿಯಿಂದ ಇದನ್ನು ಒಪ್ಪಲಿಲ್ಲ.

ಆಫೀಸಿನಲ್ಲಿ ಅವರು ದಿನಕ್ಕೊಂದು ಅರ್ಥದಂತೆ ಬಳಕೆಗೆ ತಂದರು. ಬಿಲ್ ವಿಭಾಗಕ್ಕೆ ಹೋಗಿ ತಮ್ಮ ಫೈಲಿನ ಮೇಲೆ ಯಾರು ಕೂತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದಾಗ ಅಲ್ಲಿದ್ದ ಮೂವರೂ ಎದ್ದು ತಮ್ಮ ತಮ್ಮ ಕುರ್ಚಿ ನೋಡಿಕೊಂಡರು. ಅಂಬಣ್ಣ ಇದನ್ನೆಲ್ಲ ದೂರದಿಂದ ನೋಡುತ್ತಿದ್ದ. ಅವನಿಗೆ ನಿಘಂಟೂ ಇರಲಿಲ್ಲ, ಮಗಳೂ ಇರಲಿಲ್ಲ.

ಸಂದರ್ಶನದ ದಿನ ಮುರುಗೆಪ್ಪನವರು ತಮ್ಮ ಮದುವೆಯ ಕೋಟು ತೊಟ್ಟರು. ಭುಜದಲ್ಲಿ ಅದು ಚೆನ್ನಾಗಿಯೇ ಕೂತಿತ್ತು (ಆರನೆಯ ಅರ್ಥ). ಬೆನ್ನಿನಲ್ಲಿ ಮಾತ್ರ ಸ್ವಲ್ಪ ಬಿಗಿ. ದಿಲ್ಲಿ ಸಾಹೇಬರ ಕೋಣೆಯಲ್ಲಿ ಸಾಹೇಬರು ಮತ್ತು ಸಿಬ್ಬಂದಿ ವಿಭಾಗದ ನೀಲಿಮಾ ಮೇಡಂ ಇದ್ದರು. ಮೇಜಿನ ಈಚೆ ಒಂದು ಖಾಲಿ ಕುರ್ಚಿ.

“ಗುಡ್ ಮಾರ್ನಿಂಗ್, ಮಿಸ್ಟರ್ ಹಂಚಿನಾಳ. ಪ್ಲೀಸ್ ಸಿಟ್” ಎಂದರು ಸಾಹೇಬರು.

ಇಲ್ಲಿ ಬೈಲಹೊಂಗಲದ ಕಡೆಯ ರೀತಿಯನ್ನು ಸ್ವಲ್ಪ ಹೇಳಬೇಕು. ಆ ಕಡೆ ಕೂಡ್ರಿ ಅಂದ ಕೂಡಲೇ ಕೂತುಬಿಡುವವನನ್ನು ಯಾರೂ ಮರ್ಯಾದಸ್ಥ ಅನ್ನುವುದಿಲ್ಲ. ಮೊದಲನೆಯ ಸಲ ಕೂಡ್ರಿ ಅಂದಾಗ ‘ಇರ್ಲಿ ಬಿಡ್ರಿ’ ಅನ್ನಬೇಕು. ಎರಡನೆಯ ಸಲ ‘ಇಲ್ಲೇ ಆರಾಮ ಅದೀನ್ರಿ’ ಅನ್ನಬೇಕು. ಮೂರನೆಯ ಸಲ ಮನೆಯವರು ಎದ್ದು ಬಂದು ರಟ್ಟೆ ಹಿಡಿದಾಗ ‘ನಿಮ್ಮ ಮಾತು ಮೀರಬಾರ್ದಲ್ರಿ’ ಎಂದು ಕುರ್ಚಿಯ ಅಂಚಿಗೆ ಕೂಡಬೇಕು. ಊಟಕ್ಕೂ ಇದೇ ನಿಯಮ, ಚಹಾಕ್ಕೂ ಇದೇ. ಇದರಲ್ಲಿ ಸುಳ್ಳೇನೂ ಇಲ್ಲ. ಬೇಡ ಅನ್ನುವವನಿಗೂ ಬೇಕು ಅಂತ ಗೊತ್ತಿರುತ್ತದೆ, ಒತ್ತಾಯ ಮಾಡುವವನಿಗೂ ಗೊತ್ತಿರುತ್ತದೆ. ಆದರೆ ಆಟ ಆಡಲು ಇಬ್ಬರು ಬೇಕು.

“ನೋ ಸರ್, ಥ್ಯಾಂಕ್ ಯೂ ಸರ್. ಆಯ್ ಆ್ಯಮ್ ಆಲ್‌ರೈಟ್ ಹಿಯರ್ ಸರ್” ಎಂದು ಮುರುಗೆಪ್ಪನವರು ತಮ್ಮ ಪಾಲಿನದನ್ನು ಹೇಳಿ, ಸಾಹೇಬರ ಪಾಲಿನದಕ್ಕೆ ಕಾದರು.

ದಿಲ್ಲಿ ಸಾಹೇಬರು ಬೇಕಾದರೆ ಬೇಕು, ಬೇಡವಾದರೆ ಬೇಡ ಅನ್ನುವ ಪೈಕಿ. “ಆ್ಯಜ್ ಯೂ ವಿಶ್” ಎಂದು ಫೈಲು ತೆರೆದರು.

ಮುಂದಿನ ಮೂವತ್ತೈದು ನಿಮಿಷ ಮುರುಗೆಪ್ಪನವರು ನಿಂತೇ ಉತ್ತರ ಕೊಟ್ಟರು. ಕೊಲ್ಹಾಪುರಕ್ಕೆ ಹೋಗುವ ಲಾರಿಗಳೆಷ್ಟು, ಮಳೆಗಾಲದಲ್ಲಿ ಮೋಟಾರಿನ ಪೆಟ್ಟಿಗೆಗೆ ಯಾವ ಹೊದಿಕೆ, ಎಲ್ಲಕ್ಕೂ ಸರಿಯಾಗಿಯೇ ಹೇಳಿದರು. ಆದರೆ ಮನಸ್ಸೆಲ್ಲ ಆ ಎರಡನೆಯ ಸಲದ ಮೇಲೆ. ಸಾಹೇಬರು ತಲೆಯೆತ್ತಿದಾಗಲೆಲ್ಲ ಅವರ ಮೊಣಕಾಲು ತಾನಾಗಿ ಬಗ್ಗುತ್ತಿತ್ತು, ಸಾಹೇಬರು ಮತ್ತೆ ಫೈಲಿಗೆ ಇಳಿದಾಗ ನೆಟ್ಟಗಾಗುತ್ತಿತ್ತು. ಒಮ್ಮೆ ಸಾಹೇಬರು ಕೈ ಚಾಚಿ “ಪ್ಲೀಸ್” ಎಂದರು. ಮುರುಗೆಪ್ಪನವರು ಅರ್ಧ ಇಳಿದೇಬಿಟ್ಟರು. ಆದರೆ ಸಾಹೇಬರು ಕೇಳಿದ್ದು ನೀಲಿಮಾ ಮೇಡಂ ಹತ್ತಿರವಿದ್ದ ನೀರಿನ ಲೋಟ. ಕೂತೂ ಇಲ್ಲದ, ನಿಂತೂ ಇಲ್ಲದ ಎತ್ತರದಲ್ಲಿ ಅವರು ಎರಡು ಕ್ಷಣ ಉಳಿದರು. ಅಷ್ಟರಲ್ಲಿ ಕೋಟಿನ ಬೆನ್ನಿನ ಹೊಲಿಗೆ ಬಿಟ್ಟ ಸದ್ದಾಯಿತು. ಅವರು ಹಲ್ಲು ಕಚ್ಚಿ, ಒಂದು ಕೈಯನ್ನು ಹಿಂದಕ್ಕೆ ಒಯ್ದು, ಬಹಳ ನಿಧಾನವಾಗಿ ಮೇಲೆದ್ದರು. ನೀಲಿಮಾ ಮೇಡಂ ಇದನ್ನೆಲ್ಲ ನೋಡಿ ಸಾಹೇಬರ ಮುಂದಿದ್ದ ಕಾಗದದ ಮೇಲೆ ಏನೋ ಬರೆದು ಸರಿಸಿದರು.

ಹೊರಗೆ ಬಂದ ಮೇಲೆ ಮೇಡಂ ಅವರನ್ನು ಕಾರಿಡಾರಿನ ಮೂಲೆಗೆ ಕರೆದರು. ಅವರು ಒಳ್ಳೆಯ ಹೆಣ್ಣುಮಗಳು, ಯಾರ ಕಷ್ಟವಾದರೂ ಅವರಿಗೆ ಸಂಕಟ. ದನಿ ತಗ್ಗಿಸಿ ಮರಾಠಿಯಲ್ಲಿ, “ಕಾಕಾ, ಬಸಾಯಲಾ ತ್ರಾಸ ಹೋತೋ ಕಾ?” ಎಂದು ಕೇಳಿದರು. ಕೂಡಲು ತೊಂದರೆಯಾಗುತ್ತದೆಯೇ ಎಂದು.

ಮುರುಗೆಪ್ಪನವರ ಕಣ್ಣ ಮುಂದೆ ಸ್ಟೂಲು ಬಂತು. ಹತ್ತೊಂಬತ್ತು ವರ್ಷದಲ್ಲಿ ಅದರ ಬಗ್ಗೆ ಕೇಳಿದವರು ಇವರೊಬ್ಬರೇ. ಅವರು ಮನಸ್ಸು ಬಿಚ್ಚಿ ಮರಾಠಿಯಲ್ಲೇ ಹೇಳಿಕೊಂಡರು. “ಹೌದು ಮೇಡಂ, ಭಾಳ ವರ್ಷದ್ದು. ಕೆಳಗೆ ರಟ್ಟು ಇಟ್ಟುಕೊಂಡು ಹೆಂಗೋ ನಡೆಸಿದ್ದೇನೆ.”

“ರಟ್ಟು?”

“ಮೊದಲು ಪೇಪರು ಮಡಚಿ ಇಡುತ್ತಿದ್ದೆ. ಅದು ನಿಲ್ಲುತ್ತಿರಲಿಲ್ಲ.”

“ಯಾರಿಗೂ ತೋರಿಸಲಿಲ್ಲವೇ?”

“ಒಬ್ಬನಿಗೆ ತೋರಿಸಿದೆ. ಬಗ್ಗಿ ನೋಡಿದ. ಗರಗಸ ಹಾಕಬೇಕಾಗುತ್ತದೆ ಅಂದ. ನಾನೇ ಬೇಡ ಅಂದೆ, ಇನ್ನೆಷ್ಟು ವರ್ಷ ಉಳಿದಿದೆ ಅಂತ.”

ನೀಲಿಮಾ ಮೇಡಂ ಗೋಡೆಗೆ ಒರಗಿಕೊಂಡರು. ಅಂದು ಮಧ್ಯಾಹ್ನ ಅವರಿಗೆ ಊಟ ಸೇರಲಿಲ್ಲ. ಯಾಕೆ ಊಟ ಮಾಡಲಿಲ್ಲ ಎಂದು ಅಂಬಣ್ಣ ಕೇಳಿದ. ಯಾರಿಗೂ ಹೇಳಬಾರದು ಎಂಬ ಷರತ್ತಿನ ಮೇಲೆ ಅವರು ಹೇಳಿದರು. ಅಂಬಣ್ಣನೂ ಅದೇ ಷರತ್ತಿನ ಮೇಲೆ ಕಾಲನಿಯ ನಲವತ್ತೆರಡು ಮನೆಗಳಿಗೆ ಹೇಳಿದ. ಅವನಿಗೆ ದುಃಖವಾದದ್ದು ನಿಜ. ಕುರ್ಚಿ ನೆನಪಾದದ್ದೂ ನಿಜ.

ಭಾನುವಾರ ಬೆಳಿಗ್ಗೆ ಎದುರು ಮನೆಯ ಇಂದೂ ವಹಿನಿ ಒಂದು ದೊಡ್ಡ ಸುವರ್ಣಗಡ್ಡೆಯನ್ನು ಸೆರಗಿನಲ್ಲಿ ಮರೆಮಾಡಿಕೊಂಡು ಬಂದರು. ಅದನ್ನು ಮಜ್ಜಿಗೆಯ ಜೊತೆ ಇಪ್ಪತ್ತೊಂದು ದಿನ ಕೊಡಬೇಕೆಂದು ಚನ್ನಬಸವ್ವನ ಕಿವಿಯಲ್ಲಿ ಹೇಳಿದರು. ಯಾವುದಕ್ಕೆ ಎಂದು ಚನ್ನಬಸವ್ವ ಕೇಳಿದಾಗ ಇಂದೂ ವಹಿನಿ ನೆಲ ನೋಡಿದರು. ಹಿಂದೆಯೇ ಅಂಬಣ್ಣ ಬಂದ. ಅವನ ಹಿಂದೆ, ಖಡಕಿಯ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದ ಹಣಮಂತ್ರಾಯ ಸುದ್ದಿ ಕೇಳಿ ಎರಡು ಬಸ್ಸು ಬದಲಿಸಿ ಬಂದರು. ಅವರು ಮುರುಗೆಪ್ಪನವರ ಬಾಲ್ಯದ ಗೆಳೆಯರು. ಅವರ ಕೈಯಲ್ಲಿ ಗಾಳಿ ತುಂಬಿದ ಕೆಂಪು ರಬ್ಬರ್ ಉಂಗುರವಿತ್ತು. ಮೂಲವ್ಯಾಧಿ ಇದ್ದವರು ಕೂಡುವಾಗ ಕೆಳಗಿಟ್ಟುಕೊಳ್ಳುವಂಥದ್ದು. ಬಸ್ಸಿನಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದರು.

“ಬರ್ರಿ, ಬರ್ರಿ. ಕೂಡ್ರಿ” ಎಂದರು ಮುರುಗೆಪ್ಪನವರು.

“ಇರ್ಲಿ ಬಿಡ್ರಿ” ಎಂದರು ಹಣಮಂತ್ರಾಯರು. “ನಿಮಗ ಕೂಡ್ಲಿಕ್ಕ ಆಗಂಗಿಲ್ಲ, ನಾ ಹೆಂಗ ಕೂಡ್ಲಿ?”

“ನನಗ ಏನಾಗೇದರಿ? ನಾ ಆರಾಮ ಅದೀನಿ.”

ಬಂದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ರೋಗ ಇದ್ದವರು ಹೀಗೇ ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

“ಹಂಗಾದ್ರ ನೀವು ಕೂಡ್ರಿ ನೋಡೋಣು” ಎಂದ ಅಂಬಣ್ಣ.

“ನೀವೆಲ್ಲಾ ನಿಂತೀರಿ. ಮನಿಗೆ ಬಂದವರನ್ನ ನಿಂದ್ರಿಸಿ ನಾ ಹೆಂಗ ಕೂಡ್ಲಿ? ಮೊದಲ ನೀವು ಕೂಡ್ರಿ.”

“ಇಲ್ಲೇ ಆರಾಮ ಅದೀವ್ರಿ.”

ಹೀಗೆ ಒಂದು ಗಂಟೆ ನಡೆಯಿತು. ಮನೆಯಲ್ಲಿ ನಾಲ್ಕು ಕುರ್ಚಿ, ಒಂದು ದಿವಾನ ಇದ್ದವು. ಬಂದವರು ಹನ್ನೊಂದು ಮಂದಿಯಾದರು. ಎಲ್ಲರೂ ಗೋಡೆಗುಂಟ ನಿಂತೇ ಅವಲಕ್ಕಿ ತಿಂದರು, ನಿಂತೇ ಚಹಾ ಕುಡಿದರು. ಕುರ್ಚಿಗಳು ನಡುವೆ ಖಾಲಿ ಇದ್ದವು. ಮುದುಕರೊಬ್ಬರಿಗೆ ಕಾಲು ನಡುಗತೊಡಗಿದಾಗ ಇಬ್ಬರು ಆಚೀಚೆ ಹಿಡಿದುಕೊಂಡರು, ಆದರೆ ಕೂಡಿಸಲಿಲ್ಲ. ಹೊರಡುವಾಗ ಹಣಮಂತ್ರಾಯರು ಆ ಉಂಗುರವನ್ನು ದಿವಾನದ ಮೇಲಿಟ್ಟು ಕಣ್ಣೊರೆಸಿಕೊಂಡು ಹೋದರು.

ಸೋಮವಾರ ಕಂಪನಿಯ ಪತ್ರ ಬಂತು. ಶ್ರೀ ಹಂಚಿನಾಳ ಅವರು ಸಂದರ್ಶನದಲ್ಲಿ ಉತ್ತಮವಾಗಿ ಉತ್ತರಿಸಿದ್ದಾರೆ. ಆದರೆ ಮುಖ್ಯಸ್ಥರ ಕೆಲಸವು ದಿನಕ್ಕೆ ಎಂಟು ಗಂಟೆ ಕುಳಿತು ಮಾಡುವಂಥದ್ದಾದ್ದರಿಂದ ಅವರ ದೇಹಸ್ಥಿತಿಯನ್ನು ಪರಿಶೀಲಿಸಲು ಗುರುವಾರ ಒಂದು ಸಮಿತಿ ಕೂಡುತ್ತದೆ (ಮೂರನೆಯ ಅರ್ಥ). ಅವರಿಗೆ ಕೂಡಲಾಗದಿದ್ದರೆ, ಮಾನವೀಯ ದೃಷ್ಟಿಯಿಂದ, ಕೂಡುವ ಪ್ರಸಂಗವೇ ಬರದ ರಾಂಜಣಗಾಂವಕ್ಕೆ ಅವರನ್ನು ಕಳಿಸಲಾಗುವುದು. ಮುರುಗೆಪ್ಪನವರು ಪತ್ರವನ್ನು ಮೂರು ಸಲ ಓದಿದರು. ಹತ್ತೊಂಬತ್ತು ವರ್ಷ ಕಾಯ್ದ ಕುರ್ಚಿ, ಒಂದು ‘ಇರ್ಲಿ ಬಿಡ್ರಿ’ಗೆ ಹೋಗುವುದರಲ್ಲಿತ್ತು. ಅವರಿಗೆ ನಿಜವಾಗಿ ಅಳು ಬಂತು.

ಚನ್ನಬಸವ್ವನಿಗೆ ಮಾತ್ರ ಸಂಗತಿ ಒಂದೇ ಏಟಿಗೆ ತಿಳಿಯಿತು. “ಸಾಹೇಬರು ಕೂಡ್ರಿ ಅಂದ್ರು. ನೀವು ಒಲ್ಲೆ ಅಂದ್ರಿ. ಅವರು ಹೂಂ ಅಂದ್ರು. ಇಷ್ಟ ಹೌದಲ್ರಿ?”

“ಒಮ್ಮೆ ಅಂದು ಬಿಡೂದಾ? ಎಂಥಾ ಮಂದಿ ಇವರು?”

“ಅವರು ಎಂಥವರರೆ ಆಗ್ಲಿ. ಗುರುವಾರ ನೀವು ಒಂದ ಸಲಕ್ಕ ಕೂಡ್ಬೇಕು. ನಡ್ರಿ, ರೂಢಿ ಮಾಡೋಣು.”

ಅಂದಿನಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ತ್ರಿವೇಣಿ ಅಪ್ಪನ ಕನ್ನಡಕ ಹಾಕಿಕೊಂಡು ದಿಲ್ಲಿ ಸಾಹೇಬರಾದಳು. ಚನ್ನಬಸವ್ವ ಸೌಟು ಹಿಡಿದು ಪಕ್ಕದಲ್ಲಿ ನಿಂತರು. “ಪ್ಲೀಸ್ ಸಿಟ್” ಎಂದಳು ತ್ರಿವೇಣಿ. “ಇರ್ಲಿ ಬಿಡ” ಎಂದರು ಮುರುಗೆಪ್ಪನವರು. ಮತ್ತೆ “ಪ್ಲೀಸ್ ಸಿಟ್” ಎಂದಳು. “ಇಲ್ಲೇ ಆರಾಮ ಅದೀನಿ” ಎಂದರು. ಬಾಯಿ ಮುಚ್ಚಿಕೊಂಡು ಕೂಡಬೇಕೆಂದು ಚನ್ನಬಸವ್ವ ಅಪ್ಪಣೆ ಮಾಡಿದರು. ಬಾಯಿ ಮುಚ್ಚಿದರೆ ಕೈ ಬೇಡ ಅನ್ನುತ್ತಿತ್ತು. ಕೈ ಕಟ್ಟಿಕೊಂಡರೆ ತಲೆ ಅಲ್ಲಾಡುತ್ತಿತ್ತು. ಸೋಮವಾರ ಮತ್ತು ಮಂಗಳವಾರ ಇದರಲ್ಲೇ ಹೋದವು. ನಲವತ್ತೇಳು ವರ್ಷದ ಸಂಸ್ಕಾರ ಬುಧವಾರ ಸಂಜೆ ಏಳು ಗಂಟೆಗೆ ಮುರಿಯಿತು. ತ್ರಿವೇಣಿ ‘ಪ್ಲೀ’ ಅನ್ನುವಷ್ಟರಲ್ಲಿ ಅವರು ಧಪ್ಪನೆ ಕೂತರು. ಪರೀಕ್ಷೆ ಮಾಡಿ ನೋಡಲು ಚನ್ನಬಸವ್ವ ಅವರನ್ನು ಎದುರು ಮನೆಗೆ ಮೊಸರಿಗೆ ಕಳಿಸಿದರು. ಇಂದೂ ವಹಿನಿ ಬಾಗಿಲು ತೆರೆದು “ಬಸಾ” ಎಂದದ್ದೇ ತಡ, ಅವರು ಹೊಸ್ತಿಲಿನ ಮೇಲೆಯೇ ಕೂತುಬಿಟ್ಟರು.

ಗುರುವಾರ ಹನ್ನೊಂದಕ್ಕೆ ಸಮಿತಿ ಕೂತಿತು. ದಿಲ್ಲಿ ಸಾಹೇಬರು, ನೀಲಿಮಾ ಮೇಡಂ, ಕಂಪನಿಯ ವಯಸ್ಸಾದ ಡಾಕ್ಟರು. ಕಾಲಿಟ್ಟ ಕೂಡಲೇ ಮುರುಗೆಪ್ಪನವರಿಗೆ ಕಂಡದ್ದು ಅದೇ ಸಾಗವಾನಿ ಕುರ್ಚಿ. ಅದರಲ್ಲೇ ಕೂಡಿಸಿ ನೋಡೋಣ ಎಂದು ತರಿಸಿದ್ದರು. ಅವರ ಎದೆ ತುಂಬಿತು. ಕಣ್ಣು ಸಾಹೇಬರ ತುಟಿಯ ಮೇಲೆ ನೆಟ್ಟಿತು.

ಅವರಿಗೆ ಕಾಣದೆ ಹೋದದ್ದು ಕುರ್ಚಿಯ ಮೇಲಿದ್ದ ವಸ್ತು. ಹಣಮಂತ್ರಾಯರು ಅಂದು ಬೆಳಿಗ್ಗೆ ರಜೆ ಹಾಕಿ, ಮುರುಗೆಪ್ಪನವರ ಮನೆಗೆ ಹೋಗಿ, ಗೆಳೆಯ ಸಂಕೋಚದಿಂದ ಉಂಗುರವನ್ನು ಮನೆಯಲ್ಲೇ ಬಿಟ್ಟು ಹೋದದ್ದನ್ನು ಕಂಡು, ಅದನ್ನು ಕಂಪನಿಯ ಗೇಟಿಗೆ ತಂದು ನೀಲಿಮಾ ಮೇಡಂ ಕೈಗೆ ಒಪ್ಪಿಸಿದ್ದರು. ಮೇಡಂ ಅದನ್ನು ಕುರ್ಚಿಯ ಮೇಲೆ ಮೆತ್ತಗೆ ಇಟ್ಟಿದ್ದರು.

“ಪ್ಲೀಸ್” ಎಂದರು ಸಾಹೇಬರು.

ಮುರುಗೆಪ್ಪನವರು ಕೂತರು. ಮೂರು ದಿನದ ತಾಲೀಮಿನ ಪೂರ್ತಿ ಭಾರದೊಂದಿಗೆ ಕೂತರು. ಉಂಗುರದ ಬಿರಡೆ ಸಡಿಲಾಗಿ ಗಾಳಿ ಹೊರಡತೊಡಗಿತು. ಆ ಸದ್ದು ಸಣ್ಣಗೆ ಶುರುವಾಗಿ, ಏರಿ, ನಡುವೆ ಒಂದು ಕಡೆ ನಿಂತು, ಯೋಚಿಸಿ, ಮತ್ತೆ ಮುಂದುವರಿಯಿತು. ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಮುರುಗೆಪ್ಪನವರ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು, ಹಣೆಯಲ್ಲಿ ಬೆವರು ಮೂಡಿತು, ಕಣ್ಣಂಚಿನಲ್ಲಿ ನೀರು ನಿಂತಿತು. ಎದ್ದರೆ ರಾಂಜಣಗಾಂವ ಎಂದು ಗೊತ್ತಿದ್ದುದರಿಂದ ಅವರು ಏಳಲಿಲ್ಲ. ಗಾಳಿ ಮುಗಿಯುವವರೆಗೆ ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡು ಎದುರಿನ ಗೋಡೆ ನೋಡುತ್ತ ಕೂತಿದ್ದರು.

ದಿಲ್ಲಿ ಸಾಹೇಬರು ಕಿಟಕಿಯ ಕಡೆ ತಿರುಗಿದರು. ಡಾಕ್ಟರು ಕನ್ನಡಕ ತೆಗೆದು ಒರೆಸಿದರು.

“ಸರ್, ಆಯ್ ಹ್ಯಾವ್ ನೋ ಟ್ರಬಲ್ ಸರ್. ನಥಿಂಗ್ ಸರ್” ಎಂದರು ಮುರುಗೆಪ್ಪನವರು. ಅದು ಅಕ್ಷರಶಃ ಸತ್ಯವಾಗಿತ್ತು.

ಸಾಹೇಬರು ಎದ್ದು ಬಂದು ಅವರ ಕೈ ಕುಲುಕಿದರು. ಇಂಥ ನೋವನ್ನು ನುಂಗಿಕೊಂಡು ಕಂಪನಿಗಾಗಿ ಕೂಡುವ ಮನುಷ್ಯನನ್ನು ತಾವು ಇಪ್ಪತ್ತು ವರ್ಷದ ಸೇವೆಯಲ್ಲಿ ಕಂಡಿಲ್ಲ ಎಂದರು. ಕುರ್ಚಿ ಅವರದೇ ಎಂದರು. ಉಂಗುರವನ್ನು ಕಂಪನಿಯ ಖರ್ಚಿನಲ್ಲಿ ರಿಪೇರಿ ಮಾಡಿಸಿ, ಜಾರದಂತೆ ಕುರ್ಚಿಗೆ ದಾರದಿಂದ ಕಟ್ಟಿಸಬೇಕೆಂದು ನೀಲಿಮಾ ಮೇಡಂಗೆ ಹೇಳಿದರು. ಅಂಬಣ್ಣ ಮುಂದಿನ ಸೋಮವಾರ ಐದೂವರೆಯ ಬಸ್ಸು ಹಿಡಿದ.

ಹೀಗೆ ಮುರುಗೆಪ್ಪನವರು ಕುರ್ಚಿ ಪಡೆದರು, ಉಂಗುರ ಸಮೇತ. ಅದನ್ನು ಬಿಚ್ಚಿಸೋಣವೆಂದರೆ ಸಾಹೇಬರ ಆಜ್ಞೆ. ನಿಜ ಹೇಳೋಣವೆಂದರೆ, ಆ ಹನ್ನೊಂದು ಗಂಟೆಯ ಸಮಿತಿಯನ್ನು ಮತ್ತೆ ಯಾರಿಗಾದರೂ ನೆನಪಿಸಬೇಕಾಗುತ್ತಿತ್ತು. ನಡುನಡುವೆ ಎದ್ದು ಅಡ್ಡಾಡಿದರೆ ಪಾಪ, ಕೂಡಲಾಗುತ್ತಿಲ್ಲ ಎಂದು ಜನ ಮಾತಾಡುತ್ತಿದ್ದರು. ಆದ್ದರಿಂದ ಅವರು ಏಳುವುದನ್ನೇ ಬಿಟ್ಟರು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆ ಆರಕ್ಕೇ ಏಳುತ್ತಿದ್ದರು. ಚಹಾ ಅಲ್ಲಿಗೇ ಬರುತ್ತಿತ್ತು, ಡಬ್ಬಿ ಅಲ್ಲೇ ತೆರೆಯುತ್ತಿತ್ತು. ಹೀಗೆ ಆರೂವರೆ ವರ್ಷ ಕೂತರು. ಅಷ್ಟರಲ್ಲಿ ಮೂರು ಉಂಗುರ ಸವೆದವು.

2004ರ ಜನವರಿಯಲ್ಲಿ ಬೆಳಗಾವಿಯಲ್ಲಿ ತ್ರಿವೇಣಿಯ ಮದುವೆ. ದಿಲ್ಲಿ ಸಾಹೇಬರು ಕಾರು ಮಾಡಿಕೊಂಡು ಬಂದರು. ಊಟದ ಪಂಕ್ತಿಯಲ್ಲಿ ಹಣಮಂತ್ರಾಯರು ಹೋಳಿಗೆಯ ಬುಟ್ಟಿ ಹಿಡಿದು ನಿಂತಿದ್ದರು. ಸಾಹೇಬರು ಬೇಡ ಎಂದರು, ಒಂದು ಬಿತ್ತು. ಖಂಡಿತ ಬೇಡ ಎಂದರು, ಎರಡು ಬಿದ್ದವು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಹಣಮಂತ್ರಾಯರು ಕೈ ಸರಿಸಿ ತುಪ್ಪ ಸುರಿದರು.

“ನಾನು ಬೇಡ ಅಂದೆನಲ್ಲ” ಎಂದು ಸಾಹೇಬರು ಹಿಂದಿಯಲ್ಲಿ ಗೋಗರೆದರು.

ಹಣಮಂತ್ರಾಯರು ಅವರಿಗೆ ಹಿಂದಿಯಲ್ಲೇ ಸಮಾಧಾನವಾಗಿ ತಿಳಿಸಿದರು. ಈ ಕಡೆ ಬೇಡ ಎಂದರೆ ಬೇಕು ಎಂದೇ ಲೆಕ್ಕ, ಮೂರು ಸಲ ಒತ್ತಾಯ ಮಾಡದಿದ್ದರೆ ಬಂದವರಿಗೆ ಅಪಮಾನ. ಊಟಕ್ಕೆ ಮಾತ್ರವಲ್ಲ, ಕುರ್ಚಿಗೂ ಹೀಗೇ ಎಂದರು.

ಸಾಹೇಬರ ಕೈಯಲ್ಲಿನ ಹೋಳಿಗೆ ಹಾಗೇ ನಿಂತಿತು. “ಕುರ್ಚಿಗೂ?” ಎಂದರು. ಆಮೇಲೆ ಬಹಳ ಹೊತ್ತು ನಕ್ಕರು. ಪಂಕ್ತಿಯಲ್ಲಿ ಪಕ್ಕಕ್ಕಿದ್ದ ನೀಲಿಮಾ ಮೇಡಂಗೆ ಹೇಳಿ ಅವರನ್ನೂ ನಗಿಸಿದರು. ಮುರುಗೆಪ್ಪನವರು ಬಂದು, ನಿಜ ಸರ್, ನನಗೆ ಯಾವತ್ತೂ ಏನೂ ಆಗಿರಲಿಲ್ಲ ಎಂದು ತಲೆ ತಗ್ಗಿಸಿ ಒಪ್ಪಿಕೊಂಡರು. ಸಾಹೇಬರು ಅವರ ಬೆನ್ನು ತಟ್ಟಿದರು. ಸೋಮವಾರ ಕುರ್ಚಿಯಿಂದ ಉಂಗುರ ಬಿಚ್ಚಿದರು. ಸುದ್ದಿ ಹಡಪಸರದ ನಲವತ್ತೆರಡೂ ಮನೆ ಮುಟ್ಟಿತು, ಎಲ್ಲರೂ ಮನಸಾರೆ ನಕ್ಕರು. ಮುರುಗೆಪ್ಪನವರಿಗೆ ಮೈ ಹಗುರಾಯಿತು.

ಆ ವರ್ಷದ ಜುಲೈಯಲ್ಲಿ ಅವರಿಗೆ ಮೂಲವ್ಯಾಧಿ ಬಂತು.

ಈ ಸಲ ನಿಜವಾಗಿ ಬಂತು. ಹಡಪಸರದ ಡಾಕ್ಟರು ನೋಡಿ, ನಿಮ್ಮ ಕೆಲಸ ಏನು ಎಂದು ಕೇಳಿದರು. ಕೂಡುವುದು ಎಂದರು ಮುರುಗೆಪ್ಪನವರು. ಅದರಿಂದಲೇ ಬಂದಿದೆ, ಇನ್ನು ನಿಂತು ಮಾಡುವ ಕೆಲಸ ನೋಡಿಕೊಳ್ಳಿ, ಇಲ್ಲವಾದರೆ ಕೊಯ್ಯಬೇಕಾಗುತ್ತದೆ ಎಂದರು ಡಾಕ್ಟರು. ಮುರುಗೆಪ್ಪನವರು ಎದುರು ಮನೆಯಲ್ಲಿ ಸುವರ್ಣಗಡ್ಡೆ ಕೇಳಿದರು. ಇಂದೂ ವಹಿನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು ಒಳಗೆ ಹೋದರು. ಖಡಕಿಗೆ ಫೋನ್ ಮಾಡಿ ಉಂಗುರ ಕೇಳಿದರು. “ಈಗ ಯಾವ ಕುರ್ಚಿ ಮ್ಯಾಲ ಕಣ್ಣು ಅದರಿ?” ಎಂದರು ಹಣಮಂತ್ರಾಯರು. ರಾಂಜಣಗಾಂವದಿಂದ ಅಂಬಣ್ಣ ನೋಡಲು ಬಂದ. ಏಳು ವರ್ಷ ಲಾರಿಗಳ ನಡುವೆ ಓಡಾಡಿ ಅವನ ಹೊಟ್ಟೆ ಕರಗಿತ್ತು, ಹತ್ತು ವರ್ಷ ಸಣ್ಣವನಾಗಿ ಕಾಣುತ್ತಿದ್ದ. ಅವನು ಆರಾಮಾಗಿ ದಿವಾನದ ಮೇಲೆ ಕೂತ. ಮುರುಗೆಪ್ಪನವರು ನಿಂತಿದ್ದರು.

“ಸಾಹೇಬರಿಗೆ ಹೇಳ್ರಿ. ಅಂಬಣ್ಣನ ಜಾಗಾ ನನಗ ಕೊಡ್ರಿ ಅನ್ರಿ. ನಿಂತಾದರೂ ಜೀವ ಉಳೀಲಿ” ಎಂದರು ಚನ್ನಬಸವ್ವ. ಅವರ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

ಮರುದಿನ ಮುರುಗೆಪ್ಪನವರು ದಿಲ್ಲಿ ಸಾಹೇಬರ ಕೋಣೆಗೆ ಹೋದರು. ಏಳು ವರ್ಷದ ಹಿಂದಿನ ಅದೇ ಜಾಗದಲ್ಲಿ, ಮೇಜಿನ ಈಚೆಯ ಅದೇ ಖಾಲಿ ಕುರ್ಚಿಯ ಪಕ್ಕ ನಿಂತರು.

“ಕಮ್, ಕಮ್. ಪ್ಲೀಸ್ ಸಿಟ್” ಎಂದರು ಸಾಹೇಬರು.

“ನೋ ಸರ್. ಬೇಡ ಸರ್” ಎಂದರು ಮುರುಗೆಪ್ಪನವರು. ಜೀವಮಾನದಲ್ಲಿ ಮೊದಲ ಸಲ ಅವರು ಬೇಡವೆಂದು ಬೇಡ ಅಂದಿದ್ದರು.

ಸಾಹೇಬರ ಮುಖ ಅರಳಿತು. “ಸಿಟ್, ಸಿಟ್” ಎಂದರು.

“ಸರ್, ಆಯ್ ಕಾಂಟ್ ಸರ್. ನಿಜವಾಗಿ ಆಗುವುದಿಲ್ಲ. ನನ್ನನ್ನು ರಾಂಜಣಗಾಂವಕ್ಕೆ ಹಾಕಿ ಸರ್. ನನಗೆ ಆ ಕುರ್ಚಿ ಬೇಡ” ಎಂದು ಅವರು ಹಿಂದಿಯಲ್ಲಿ ಬೇಡಿಕೊಂಡರು.

ಹೋಳಿಗೆಯ ಪಂಕ್ತಿಯಲ್ಲಿ ಸಾಹೇಬರು ಕಲಿತದ್ದು ವ್ಯರ್ಥವಾಗಲಿಲ್ಲ. ಕುರ್ಚಿ ಬೇಡ ಅನ್ನುವವನಿಗೆ ಏನು ಬೇಕು ಎಂದು ಅವರಿಗೆ ಈಗ ಚೆನ್ನಾಗಿ ಗೊತ್ತಿತ್ತು. ಮುರುಗೆಪ್ಪನವರನ್ನು ಇನ್ನೂ ಮೂರು ಸಮಿತಿಗಳಲ್ಲಿ ಕೂಡಿಸುವುದಾಗಿ ಅಲ್ಲಿಯೇ ಘೋಷಿಸಿದರು. ಆಮೇಲೆ ಮೇಜು ಸುತ್ತಿ ಬಂದು, ಪ್ರೀತಿಯಿಂದ ಅವರ ರಟ್ಟೆ ಹಿಡಿದರು. ಮದುವೆಯಲ್ಲಿ ಹಣಮಂತ್ರಾಯರು ಕಲಿಸಿಕೊಟ್ಟ ಕನ್ನಡದಲ್ಲಿ, “ಕೂಡ್ರಿ, ಮುರುಗೆಪ್ಪನವರ, ಕೂಡ್ರಿ” ಎಂದರು.

ಮುರುಗೆಪ್ಪನವರು ಸಾಹೇಬರ ಮುಖ ನೋಡಿದರು. ಇಂಥ ಒತ್ತಾಯಕ್ಕಾಗಿ ಅವರು ಒಂದು ಕಾಲದಲ್ಲಿ ಮೂವತ್ತೈದು ನಿಮಿಷ ಕಾದಿದ್ದರು. ಮೂರು ಸಲ ಆಗಿಹೋಗಿತ್ತು, ಇನ್ನು ಬೇಡ ಅನ್ನಲು ಬೈಲಹೊಂಗಲದಲ್ಲಿ ಮಾತಿಲ್ಲ.

“ನಿಮ್ಮ ಮಾತು ಮೀರಬಾರ್ದಲ್ರಿ” ಎಂದು ಅವರು ಕಣ್ಣು ಮುಚ್ಚಿ ಕುರ್ಚಿಯ ಅಂಚಿಗೆ ಕೂತರು.

“ಅಂಚಿಗೆ ಬ್ಯಾಡ್ರಿ” ಎಂದು ಸಾಹೇಬರು ಎರಡೂ ಭುಜ ಹಿಡಿದು ಒತ್ತಿದರು. “ಆರಾಮಾಗಿ ಕೂಡ್ರಿ.”